ಸ್ವಂತ ಸೈಟಿನ ಮರಕ್ಕೂ ಅನುಮತಿ ಬೇಕು

ನಮಸ್ಕಾರ ಸರ್. ಬೆಂಗಳೂರಿನ ನಿಮ್ಮ ಮನೆಯ ಕಾಂಪೌಂಡಿನೊಳಗಿನ ಸಂಪಿಗೆ ಮರದ ಬೇರಿನಿಂದ ಗೋಡೆ ಬಿರುಕು ಬಿಟ್ಟಿದೆ, ನಮ್ಮದೇ ಜಾಗವಾದ್ದರಿಂದ ಕಡಿಸಬಹುದೇ ಎಂದು ಕೇಳಿದ್ದೀರಿ. ಹಾಗೆ ಕಡಿಸುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗಕ್ಕೂ ಅನ್ವಯಿಸುತ್ತದೆ. ವೃಕ್ಷಾಧಿಕಾರಿಯ, ಅಂದರೆ ಈ ಕಾಯ್ದೆಯಡಿ ನೇಮಕವಾದ ಅರಣ್ಯಾಧಿಕಾರಿಯ, ಲಿಖಿತ ಅನುಮತಿ ಬೇಕೇ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿ ಇದೆ. ಶ್ರೀಗಂಧದ ಕಥೆಯೇ ಬೇರೆ, ಅದಕ್ಕೆ ಅರಣ್ಯ ಕಾಯ್ದೆಯ ನಿಯಮಗಳಿವೆ.

ಪಾಲಿಕೆಯ ಅರಣ್ಯ ವಿಭಾಗಕ್ಕೆ ಅರ್ಜಿ ಕೊಡಿ. ಜಾಗದ ದಾಖಲೆಯ ಜೊತೆಗೆ ಬಿರುಕಿನ ಫೋಟೋ, ಬುಡದ ಫೋಟೋ ಎರಡನ್ನೂ ಲಗತ್ತಿಸಿ. ಅವರು ಬಂದು ಮರ ನೋಡುತ್ತಾರೆ. ಒಣಗಿದ್ದರೆ, ರೋಗ ಹಿಡಿದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಿದ್ದರೆ ಅದು ಸರಿಯಾದ ಕಾರಣ. ಅನುಮತಿ ಸಿಕ್ಕರೆ ಬದಲಿಗೆ ಸಸಿ ನೆಡುವ ಹೊಣೆಯೂ ನಿಮ್ಮದೇ. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶವಿದೆ.

ಬುಡಕ್ಕೆ ಆಸಿಡ್ ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಮರಕ್ಕೆ ಹಾನಿ ಮಾಡಿದರೂ ಕಾಯ್ದೆಯ ಲೆಕ್ಕದಲ್ಲಿ ಕಡಿದಂತೆಯೇ. ಅರ್ಜಿ ಕೊಡುವ ಮೊದಲು ಒಬ್ಬ ಒಳ್ಳೆಯ ಮೇಸ್ತ್ರಿಗೆ ಗೋಡೆ ತೋರಿಸಿ. ಬೇರು ಹಾದುಹೋಗುವಲ್ಲಿ ಪಾಯ ಬಿಟ್ಟು, ಮೇಲೆ ಬೀಮ್ ಹಾಕಿ ಗೋಡೆ ಕಟ್ಟಲು ಬರುತ್ತದೆ. ಗೋಡೆ ತಿಂಗಳಲ್ಲಿ ಏಳುತ್ತದೆ, ಅಂಥ ಸಂಪಿಗೆಗೆ ದಶಕಗಳು ಬೇಕು.