ಟೀಮ್ ಲೀಡ್ 'ಡ್ರೆಸ್ ಚೆನ್ನಾಗಿದೆ' ಅಂದರೆ ಹೇಗೆ ತಗೊಳ್ಳೋದು?

ಕೆಲಸಕ್ಕೆ ಸೇರಿ ಎರಡು ತಿಂಗಳು, ಟೀಮ್ ಲೀಡ್ ಆಗಲೇ ಎರಡು ಸಲ 'ಈ ಡ್ರೆಸ್ ನಿಮಗೆ ಒಪ್ಪುತ್ತೆ' ಅಂದರು, ಖುಷಿಪಡಲಾ ಹುಷಾರಾಗಲಾ ಅಂತ ಕೇಳಿದ್ದೀರಿ. ಅಷ್ಟರಿಂದ ಹೇಳೋದು ಕಷ್ಟ. ಅದರ ಹಿಂದೆಯೇ ಬಂದ ಮಾತು ಯಾವುದು, ಆಗ ಅಕ್ಕಪಕ್ಕ ಯಾರಿದ್ದರು, ಅದನ್ನು ನೆನಪಿಸಿಕೊಳ್ಳಿ.

ನಮ್ಮ ಆಫೀಸುಗಳಲ್ಲಿ ಯಾರೂ 'ಚೆನ್ನಾಗಿದೆ' ಅಂತ ಸುಮ್ಮನಾಗಲ್ಲ. 'ಏನ್ ವಿಶೇಷ, ಬರ್ತ್‌ಡೇನಾ?', 'ಎಲ್ಲಿ ತಗೊಂಡ್ರಿ?', 'ಎಷ್ಟು ಬಿತ್ತು?' ಬಂದೇ ಬರುತ್ತೆ. ರೇಟು ಕೇಳೋರ ಕಣ್ಣು ಬಟ್ಟೆ ಮೇಲೇ ಇರುತ್ತೆ ಬಿಡಿ. (ಎಷ್ಟು ಹೇಳಿದರೂ 'ಜಾಸ್ತಿ ಆಯ್ತು' ಅಂತಾರೆ, ಅದು ಬೇರೆ ಸಂಕಟ.)

ಒಮ್ಮೆ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಅಕೌಂಟ್ಸ್‌ನ ಹಿರಿಯರೊಬ್ಬರು ಆ ಕಡೆಯವರೇ. ಕನ್ನಡಕ ಮೇಲೇರಿಸಿ, 'ಕೊಂಡಿ ಸೆರಗೇನ್ರಿ ಇದು? ಖರೇ ಕೈಮಗ್ಗದ್ದೇನು?' ಅಂದರು. ಇಳಕಲ್‌ನಲ್ಲಿ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿ ಹಾಕಿ ಜೋಡಿಸೋದನ್ನ ಐದು ನಿಮಿಷ ವಿವರಿಸಿದರು, ನನ್ನ ಚಹಾ ಆರಿಹೋಯ್ತು. ಅವತ್ತೇ ಸಂಜೆ ಲಿಫ್ಟಿನಲ್ಲಿ ನಾನು, ಮ್ಯಾನೇಜರ್ ಇಬ್ಬರೇ. 'ನಿಮಗೆ ಸೀರೆನೇ ಚಂದ, ದಿನಾ ಸೀರೆ ಉಟ್ಕೊಂಡು ಬನ್ನಿ' ಅಂದರು. ರಾತ್ರಿ ಹತ್ತಕ್ಕೆ ವಾಟ್ಸ್‌ಆ್ಯಪ್: 'ನಾಳೆ ಯಾವ ಕಲರ್?'

ಇನ್ನೊಂದಿದೆ: 'ಇವತ್ತು ಪ್ರೊಫೆಷನಲ್ ಆಗಿ ಕಾಣ್ತಿದ್ದೀರಿ'. ಅದು ಉಳಿದ ದಿನಗಳ ಬಗ್ಗೆ ಹೇಳಿದ್ದು! 'ಕ್ಲೈಂಟ್ ಮೀಟಿಂಗ್‌ಗೆ ಹೀಗೇ ಬರಬೇಕಾ ಸರ್?' ಅಂತ ನೇರ ಕೇಳಿಬಿಡಿ.

ನಿಮ್ಮ ಲೀಡ್ ಎರಡು ಸಲವೂ ಎಲ್ಲರೆದುರು ಅಂದು, ಕೆಲಸದ ಮಾತಿಗೆ ಹೋಗಿದ್ದರೆ ಸದ್ಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 'ಅಯ್ಯೋ, ಇದು ಹಳೇದು ಸರ್' ಅನ್ನೋ ನಮ್ಮ ಚಾಳಿಯೊಂದು ಬೇಡ, ಮಾತು ಬೆಳೆಯುತ್ತೆ. 'ಥ್ಯಾಂಕ್ಸ್ ಸರ್, ನಿನ್ನೆ ಕಳಿಸಿದ ಶೀಟ್ ನೋಡಿದ್ರಾ?' ಅನ್ನಿ. ಒಳ್ಳೆಯ ಮನುಷ್ಯ ಶೀಟಿನ ಕಡೆ ತಿರುಗುತ್ತಾನೆ. ಮತ್ತೆ ಬಟ್ಟೆಗೇ ಬಂದರೆ, ಅದರಲ್ಲೂ ಬಟ್ಟೆಯಿಂದ ಮೈಗೆ ಇಳಿದರೆ, 'ಈ ವಿಷಯ ಬೇಡ ಸರ್' ಅಂತ ಒಂದು ಸಲ ಸ್ಪಷ್ಟವಾಗಿ ಹೇಳಿ. ಮೆಸೇಜು ಡಿಲೀಟ್ ಮಾಡಬೇಡಿ, ತಾರೀಕು ಬರೆದಿಡಿ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಇಂಥ ದೂರು ವಿಚಾರಿಸೋ ಆಂತರಿಕ ಸಮಿತಿ ಇರಲೇಬೇಕು. ಕೊನೆಯ ಘಟನೆಯಿಂದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು.

ನಾನು ಇದ್ಯಾವುದನ್ನೂ ಮಾಡಲಿಲ್ಲ. ಸೀರೆ ಬೀರುವಿಗೆ ಸೇರಿಸಿ ದಿನಾ ಚೂಡಿದಾರ್‌ನಲ್ಲಿ ಹೋದೆ, ಅಲ್ಲಿಗೆ ಮುಗೀತು ಅಂದುಕೊಂಡೆ. ವಾರದೊಳಗೆ ಮೆಸೇಜು ಬಂತು: 'ಸೀರೆ ಯಾಕೆ ಬಿಟ್ಟಿರಿ?'