ಒಂದೇ ಬಾಯಿ, ಎರಡು ಹೊಟ್ಟೆ

ಪ್ರಶ್ನೆ: ನನ್ನದು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಇಂಜಿನ್ ಬಿಚ್ಚಿ ಕಟ್ಟುವಾಗ ಸ್ವಲ್ಪ ಚುರುಕಿನ ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿಸಿದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಎರಡು ಎಸ್‌ಯು ಕಾರ್ಬ್ಯುರೇಟರ್‌ಗಳೇ ಇವೆ. ಈಗ ಐಡಲ್ ಸರಿಯಾಗಿ ನಿಲ್ಲುವುದಿಲ್ಲ, ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಮುಗ್ಗರಿಸುತ್ತದೆ. ವೆಬರ್ 45 ಕಾರ್ಬ್ಯುರೇಟರ್ ಹಾಕು ಅಂತ ಕೆಲವರು, ಫ್ಯೂಯಲ್ ಇಂಜೆಕ್ಷನ್ ಮಾಡಿಸಿಬಿಡು ಅಂತ ಕೆಲವರು. ಯಾವುದು ಸರಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮೊದಲು ಕಾರ್ಬ್ಯುರೇಟರ್ ತಲೆ ಮೇಲಿನ ಮುಚ್ಚಳ ತಿರುಗಿಸಿ, ಡ್ಯಾಂಪರ್ ಹೊರಗೆಳೆದು ನೋಡಿ. ಒಳಗೆ ಎಣ್ಣೆ ಇದೆಯಾ? ಒಣಗಿದ್ದರೆ ನಿಮ್ಮ ಮುಗ್ಗರಿಕೆಗೆ ಅದೇ ಕಾರಣ ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ ನಿಧಾನವಾಗಿ ಏಳಲಿ ಅಂತಲೇ ಆ ಎಣ್ಣೆ. ಅದಿಲ್ಲದಿದ್ದರೆ ಪಿಸ್ಟನ್ ಚಂಗನೆ ಹಾರುತ್ತದೆ, ಗಾಳಿ ನುಗ್ಗುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ.

ಆಮೇಲೆ ಥ್ರಾಟಲ್ ಸ್ಪಿಂಡಲ್, ಗಾಳಿಯ ಬಾಗಿಲನ್ನು ತಿರುಗಿಸುವ ಕಡ್ಡಿ. ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಿಕ್ ಟಿಕ್ ಅಂದರೆ ಸವೆದಿದೆ, ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಸ್ಕ್ರೂ ಎಷ್ಟು ತಿರುಗಿಸಿದರೂ ಐಡಲ್ ನಿಲ್ಲುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡುವವರಿದ್ದಾರೆ. ಆದರೆ ಈ ಇಂಜಿನ್ನಿನಲ್ಲಿ ಎಕ್ಸಾಸ್ಟ್ ಸರಿಯಾಗಿ ಕೆಳಗೇ ಇದೆ. ನಾನಂತೂ ಬೆರಳನ್ನೇ ನಂಬುತ್ತೇನೆ.

ಎರಡೂ ಕಾರ್ಬ್ಯುರೇಟರ್ ಒಂದೇ ಸಮ ಉಸಿರಾಡುತ್ತಿವೆಯಾ ಅಂತ ತಿಳಿಯಲು ಒಂದು ಮೊಳ ರಬ್ಬರ್ ಪೈಪ್ ಸಾಕು. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಎರಡರಲ್ಲೂ ಸುಯ್ ಅನ್ನುವ ಸದ್ದು ಒಂದೇ ಶ್ರುತಿಯಲ್ಲಿರಬೇಕು. ನಂತರ ಬದಿಯ ಲಿಫ್ಟ್ ಪಿನ್ನಿಂದ ಪಿಸ್ಟನ್ನನ್ನು ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ಇಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ಒಂದು ಚೂರು ಏರಿ ಇಳಿದರೆ ಸರಿ. ಕುಸಿದು ನಿಂತೇಹೋದರೆ ಕಡಿಮೆ.

ಇಷ್ಟಾದ ಮೇಲೂ ತೊಂದರೆ ಇದ್ದರೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ನೋಡಿ. ಇದನ್ನು ನಾಚಿಕೆಯಿಂದಲೇ ಹೇಳುತ್ತೇನೆ. ಹಿಂದೊಮ್ಮೆ ಒಂದು ಇಂಜಿನ್ 3000 ಆರ್‌ಪಿಎಂನಲ್ಲಿ ತಡವರಿಸುತ್ತಿತ್ತು. ಮೂರು ಭಾನುವಾರ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಬದಲಾಯಿಸುತ್ತಾ ಕೂತೆ. ನಾಲ್ಕನೆಯ ಭಾನುವಾರ ಸುಮ್ನೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ರೋಟರ್ ತಿರುಗಿಸಿ ಬಿಟ್ಟೆ. ಸ್ಪ್ರಿಂಗ್ ಎಳೆದು ವಾಪಸ್ ಬರಬೇಕಿತ್ತು. ಬರಲಿಲ್ಲ, ಅಲ್ಲೇ ನಿಂತಿತು. ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಒಳಗಿನ ಅಡ್ವಾನ್ಸ್ ತೂಕಗಳು ಹಳೆಯ ಗ್ರೀಸ್‌ನಲ್ಲಿ ಅಂಟಿಕೊಂಡಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದೆ ಅನ್ನುವುದು ಇದಕ್ಕೇ.

ಈ ಎಲ್ಲವೂ ಸರಿ ಇದ್ದರೆ ಎಸ್‌ಯು ಒಳಗೆ ಪೆಟ್ರೋಲ್ ಎಷ್ಟು ಅಂತ ತೀರ್ಮಾನಿಸುವ ಸೂಜಿ ಬದಲಾಯಿಸಿ. ಆ ಸೂಜಿಯ ಮೊನಚನ್ನು ಹಳೆಯ ಕ್ಯಾಮ್‌ಗೆ ಅಂತಲೇ ಕೊರೆದಿದ್ದರು. ಕ್ಯಾಮ್ ಬದಲಾದರೆ ಸೂಜಿಯೂ ಬದಲಾಗಬೇಕು, ಅಲ್ವಾ?

ವೆಬರ್ ಬಗ್ಗೆ. 45 ಅನ್ನುವುದು ಥ್ರಾಟಲ್ ಬಾಯಿಯ ಅಳತೆ, ಮಿಲಿಮೀಟರ್‌ನಲ್ಲಿ. ನಿಜವಾದ ಲೆಕ್ಕ ಇರುವುದು ಒಳಗಿನ ಚೋಕ್‌ನಲ್ಲಿ. ಚಳಿಯಲ್ಲಿ ಎಳೆಯುವ ಚೋಕ್ ಅಲ್ಲ, ಗಾಳಿ ಹಾಯುವ ಕಿರಿದಾದ ಕುತ್ತಿಗೆ. ಆರಂಭಕ್ಕೆ ಒಂದು ಅಂದಾಜು ಇದೆ: ಚೋಕ್ ಅಳತೆಯನ್ನು 4ರಿಂದ ಗುಣಿಸಿದರೆ ಮೇನ್ ಜೆಟ್, ಅದಕ್ಕೆ 50 ಕೂಡಿಸಿದರೆ ಏರ್ ಕರೆಕ್ಟರ್, ಅಂದರೆ ಗಾಳಿಯ ಜೆಟ್. 34ರ ಚೋಕ್‌ಗೆ 135ರ ಜೆಟ್, 185ರ ಕರೆಕ್ಟರ್. ಚೋಕ್ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಂಡವರೇ ಜಾಸ್ತಿ. ಗಾಳಿಗೆ ವೇಗವಿಲ್ಲದಿದ್ದರೆ ಅದು ಪೆಟ್ರೋಲನ್ನು ಎಳೆಯುವುದಿಲ್ಲ. ಕೆಳಗಿನ ವೇಗದಲ್ಲಿ ಕಾರು ಸತ್ತಂತೆ ಓಡುತ್ತದೆ.

ಇನ್ನು ಇಂಜೆಕ್ಷನ್. ನಿಮ್ಮ ಇಂಜಿನ್ನಿನಲ್ಲಿ ಒಂದು ಗುಟ್ಟಿದೆ. ನಾಲ್ಕು ಸಿಲಿಂಡರ್, ಆದರೆ ಗಾಳಿ ಹೋಗಲು ಎರಡೇ ದಾರಿ. 1 ಮತ್ತು 2ಕ್ಕೆ ಒಂದು, 3 ಮತ್ತು 4ಕ್ಕೆ ಒಂದು. ಒಂದೇ ಬಾಯಿ, ಎರಡು ಹೊಟ್ಟೆ. ಫೈರಿಂಗ್ ಸರದಿ 1-3-4-2. ಅಂದರೆ ಮೊದಲ ಬಾಯಿಂದ 2 ಎಳೆದ ಬೆನ್ನಿಗೇ 1 ಎಳೆಯುತ್ತದೆ, ಆಮೇಲೆ ದೀರ್ಘ ವಿರಾಮ. ಇನ್ನೊಂದು ಕಡೆ 3, ಅದರ ಬೆನ್ನಿಗೆ 4. ಸಾಧಾರಣ ಇಂಜೆಕ್ಷನ್ ಕಿಟ್ ಆ ವಿರಾಮದಲ್ಲೂ ಪೆಟ್ರೋಲ್ ಚಿಮುಕಿಸುತ್ತದೆ. ಅದೆಲ್ಲ ದಾರಿಯಲ್ಲಿ ಕಾದು ನಿಂತಿರುತ್ತದೆ. ಮೊದಲು ಬಂದ 2 ಮತ್ತು 3 ಹೊಟ್ಟೆ ತುಂಬಾ ಕುಡಿಯುತ್ತವೆ, 1 ಮತ್ತು 4ಕ್ಕೆ ಬರೀ ಗಾಳಿಯ ಪಾಲೇ ಜಾಸ್ತಿ. ಕಾರ್ಬ್ಯುರೇಟರ್‌ಗೆ ಈ ಪೀಡೆ ಕಡಿಮೆ, ಏಕೆಂದರೆ ಗಾಳಿ ಹರಿದಾಗ ಮಾತ್ರ ಅದು ಪೆಟ್ರೋಲ್ ಕೊಡುತ್ತದೆ. ಸೈಲೆನ್ಸರ್ ಪೈಪಿನಲ್ಲಿ ಬೆರಕೆ ಅಳೆಯುವ ಸೆನ್ಸರ್ ನಾಲ್ಕರ ಸರಾಸರಿ ತೋರಿಸಿ, ಎಲ್ಲಾ ಚೆನ್ನಾಗಿದೆ ಅನ್ನುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಡಿ, ನಡುವಿನವು ಮಸಿ, ಅಂಚಿನವು ಬಿಳಿ. ಇದನ್ನು ಸರಿಪಡಿಸಬಹುದು. ಆದರೆ ಪ್ರತಿ ಸಿಲಿಂಡರ್‌ನ ಸಮಯ ನೋಡಿ ಚಿಮುಕಿಸುವ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಬೇಕು, ಅದನ್ನು ಟ್ಯೂನ್ ಮಾಡಬಲ್ಲ ಕೈ ಬೇಕು.

ಅದಲ್ಲದೆ ನಿಮ್ಮ ಕಾರು ಪಾಸಿಟಿವ್ ಅರ್ತ್ (ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಜೋಡಿಸಿದ್ದು), ಮೇಲಾಗಿ ಡೈನಮೋ. ಐಡಲ್‌ನಲ್ಲಿ ಡೈನಮೋ ಕೊಡುವುದು ಹೆಚ್ಚುಕಮ್ಮಿ ಸೊನ್ನೆ. ಆಲ್ಟರ್ನೇಟರ್ ಹಾಕಬೇಕು, ಅರ್ತ್ ತಿರುಗಿಸಬೇಕು. ಪೆಟ್ರೋಲ್ ಒತ್ತಡ ಕಾಲು ಬಾರ್‌ಗಿಂತ ಕಡಿಮೆ ಇದ್ದದ್ದು 3 ಬಾರ್‌ಗೆ ಏರುತ್ತದೆ, ಹಾಗಾಗಿ ಹಳೆಯ ರಬ್ಬರ್ ಪೈಪ್ ಒಂದನ್ನೂ ಉಳಿಸುವಂತಿಲ್ಲ.

ಪ್ರತಿ ಸಿಲಿಂಡರ್‌ಗೂ ಬೇರೆ ದಾರಿ ಇರುವ ಇಂಜಿನ್ ಆಗಿದ್ದರೆ, ಆಲ್ಫಾ ಟ್ವಿನ್ ಕ್ಯಾಮ್ ಥರ, ನನ್ನ ಮಾತೇ ಬೇರೆ ಇರುತ್ತಿತ್ತು. ಅದರಲ್ಲೂ ದಿನಾ ಓಡಿಸುವವರಿಗೆ, ಬೆಟ್ಟ ಹತ್ತುವವರಿಗೆ. 2000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ. 18ರಷ್ಟು ಇಳಿದಿರುತ್ತದೆ, ವೆಬರ್ ಥರದ ಕಾರ್ಬ್ಯುರೇಟರ್ ಸುಮಾರು ಶೇ. 10ರಷ್ಟು ಪೆಟ್ರೋಲ್ ಜಾಸ್ತಿ ಬೆರೆಸುತ್ತದೆ. ಇಸಿಯು ಅದನ್ನು ತಾನೇ ಸರಿದೂಗಿಸುತ್ತದೆ.

ಪ್ರಶ್ನೆ: ನನ್ನ ಟ್ರಯಂಫ್ ಟಿಆರ್ 6ರಲ್ಲಿ ಲ್ಯೂಕಾಸ್ ಮೆಕ್ಯಾನಿಕಲ್ ಇಂಜೆಕ್ಷನ್ ಇದೆ. ಬೇಸಿಗೆಯಲ್ಲಿ ಕೈಕೊಡುತ್ತದೆ. ತೆಗೆದು ಕಾರ್ಬ್ಯುರೇಟರ್ ಹಾಕಲೇ?

ಉತ್ತರ: ಅವಸರ ಬೇಡ. ಆ ಪಂಪ್ ಸುಮಾರು 7 ಬಾರ್ ಒತ್ತಡ ಹುಟ್ಟಿಸುತ್ತದೆ, ಹಾಗೆ ದುಡಿದು ಬಿಸಿಯಾಗುತ್ತದೆ. ಟ್ಯಾಂಕ್‌ನಲ್ಲಿ ಪೆಟ್ರೋಲ್ ಕಡಿಮೆ ಇದ್ದರೆ ಇನ್ನೂ ಬೇಗ. ಅನೇಕರು ಈಗ ಹೊಸ ಕಾಲದ ಹೈ ಪ್ರೆಷರ್ ಪಂಪ್ ಹಾಕಿ, ಪೆಟ್ರೋಲ್ ಅಳೆದು ಹಂಚುವ ಮೀಟರಿಂಗ್ ಯೂನಿಟ್ ಹಾಗೇ ಉಳಿಸಿಕೊಳ್ಳುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಹಳೆಯ ಕಾರಿಗೆ ಇಂಜೆಕ್ಷನ್ ಒಗ್ಗಲ್ಲ ಅನ್ನುವವರಿಗೆ ಮರ್ಸಿಡಿಸ್ 300 ಎಸ್‌ಎಲ್ ತೋರಿಸಿ. 1954ರಲ್ಲೇ ಸಿಲಿಂಡರ್‌ನೊಳಗೆ ನೇರವಾಗಿ ಪೆಟ್ರೋಲ್ ಚಿಮುಕಿಸುತ್ತಿತ್ತು.

ಪ್ರಶ್ನೆ: ಮಿಕ್ಸ್‌ಚರ್ ಗೇಜ್ ಯಾವಾಗಲೂ 14.7 (ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ) ತೋರಿಸಬೇಕೇ?

ಉತ್ತರ: ಇಲ್ಲ. ಪೂರ್ತಿ ಒತ್ತಿದಾಗ 12.5ರಿಂದ 13 ಇರಲಿ. ಸಮವೇಗದಲ್ಲಿ 14ರ ಮೇಲೆ ಹೋದರೆ ಚಿಂತೆಯಿಲ್ಲ. ಎಥನಾಲ್ ಬೆರೆತ ಪೆಟ್ರೋಲ್ ಹಾಕುವವರು ಗೇಜನ್ನು ಲ್ಯಾಂಬ್ಡಾಗೆ ಬದಲಾಯಿಸಿಕೊಳ್ಳಿ. ಅದರಲ್ಲಿ 1 ಅಂದರೆ ಗಾಳಿ ಮತ್ತು ಇಂಧನ ಸರಿಯಾದ ಪಾಲಿನಲ್ಲಿವೆ, ಅದಕ್ಕಿಂತ ಕಡಿಮೆ ಅಂದರೆ ಇಂಧನ ಜಾಸ್ತಿ. ಪೂರ್ತಿ ಒತ್ತಿದಾಗ 0.85ರಿಂದ 0.88.