ಹಲಗೆಯ ಮೇಲಿನ ಮೂರನೆಯ ಸಂಖ್ಯೆ

ಪ್ರಿಯ ಲೇಖಕರೇ,

ನಿಮ್ಮ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಮೊದಲ ಸಲ ಕರ್ತವ್ಯವೆಂದು, ಎರಡನೆಯ ಸಲ ಸಿಟ್ಟು ಬಂದು. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ನಮಗೆ ಸಾಧ್ಯವಿಲ್ಲ. ಕೆಟ್ಟ ಹಸ್ತಪ್ರತಿಗಳಿಗೆ ನಾನು ಎರಡು ಸಾಲಿನ ಉತ್ತರ ಬರೆದು ಮುಗಿಸುತ್ತೇನೆ. ಈ ಪತ್ರ ಉದ್ದವಾಗಿದೆ ಎಂಬುದನ್ನು ಗಮನಿಸಿ.

ಜೊತೆಯಲ್ಲಿ ಕಳುಹಿಸಿದ ಪತ್ರದಲ್ಲಿ ನೀವು ಹೀಗೆ ಬರೆದಿದ್ದೀರಿ: "ಈ ಕಾದಂಬರಿ ನನ್ನ ಸಾಕ್ಷಿ. ಇದನ್ನು ಓದಿ ಒಬ್ಬರಾದರೂ ಕ್ರಿಸ್ತನ ಕಡೆಗೆ ತಿರುಗಿದರೆ ನನಗಷ್ಟೇ ಸಾಕು." ಸಾಕ್ಷಿ ಎನ್ನುವ ಮಾತನ್ನು ಚರ್ಚಿನಲ್ಲಿಯೂ ಬಳಸುತ್ತಾರೆ, ನ್ಯಾಯಾಲಯದಲ್ಲಿಯೂ ಬಳಸುತ್ತಾರೆ. ನೀವು ಮೊದಲನೆಯ ಅರ್ಥದಲ್ಲಿ ಬರೆದಿದ್ದೀರಿ. ಪತ್ತೇದಾರಿ ಕಾದಂಬರಿಯ ಓದುಗ ಎರಡನೆಯ ಅರ್ಥವನ್ನು ಹಿಡಿದುಕೊಂಡು ಬರುತ್ತಾನೆ. ಕಟಕಟೆಯಲ್ಲಿ ನಿಂತವನು ತಾನು ಕಂಡದ್ದನ್ನು ಹೇಳಬೇಕು, ಕಾಣದ್ದನ್ನು ಹೇಳಬಾರದು. ನಿಮ್ಮ ಕಾದಂಬರಿ ಹದಿನೆಂಟನೆಯ ಅಧ್ಯಾಯದಲ್ಲಿ ಕಾಣದ್ದನ್ನು ಹೇಳುತ್ತದೆ.

ಕಥೆ ಇಷ್ಟು. ಭಾನುವಾರ ಬೆಳಿಗ್ಗೆ ಚರ್ಚಿನ ಖಜಾಂಚಿ ಗಂಟೆಗೋಪುರದ ಮೆಟ್ಟಿಲುಗಳ ಬುಡದಲ್ಲಿ ಸತ್ತು ಬಿದ್ದಿದ್ದಾನೆ. ಹದಿನೇಳು ಅಧ್ಯಾಯಗಳ ಕಾಲ ನಿಮ್ಮ ಪತ್ತೇದಾರನಾದ ಸಭಾಪಾಲಕ, ಅಂದರೆ ಆ ಚರ್ಚಿನ ಪಾದ್ರಿ, ಜನರನ್ನು ವಿಚಾರಿಸುತ್ತಾನೆ, ಲೆಕ್ಕದ ಪುಸ್ತಕಗಳನ್ನು ನೋಡುತ್ತಾನೆ, ನಡುನಡುವೆ ಧರ್ಮೋಪದೇಶ ಮಾಡುತ್ತಾನೆ. ಹದಿನೆಂಟನೆಯ ಅಧ್ಯಾಯದಲ್ಲಿ ಅವನು ಮೊಣಕಾಲೂರಿ ಪ್ರಾರ್ಥಿಸಿ ಮಲಗುತ್ತಾನೆ. ಕನಸಿನಲ್ಲಿ ಒಂದು ಸ್ವರ ಕೊಲೆಗಾರನ ಹೆಸರು ಹೇಳುತ್ತದೆ. ಕೊಂದವನು ಆ ಚರ್ಚಿನ ಸಭೆಯ ಹಿರಿಯ. ಸಭಾಪಾಲಕ ಮರುದಿನ ಅವನ ಮುಂದೆ ಹೋಗಿ ನಿಲ್ಲುತ್ತಾನೆ, ಅವನು ಅಳುತ್ತಾನೆ. ಅಷ್ಟರಲ್ಲಿ ಕಾದಂಬರಿ ಮುಗಿದುಹೋಗಿರುತ್ತದೆ, ಆಮೇಲೂ ನೀವು ನಲವತ್ತು ಪುಟ ಬರೆಯುತ್ತೀರಿ.

ದೇವರು ಕನಸಿನಲ್ಲಿ ಮಾತನಾಡುತ್ತಾನೋ ಇಲ್ಲವೋ ಎಂಬ ಚರ್ಚೆಗೆ ನಾನು ಬರುವುದಿಲ್ಲ. ನಿಮ್ಮ ನಂಬಿಕೆಯನ್ನು ಅನುಮಾನಿಸುವುದು ನನ್ನ ಕೆಲಸವೂ ಅಲ್ಲ. ಆದರೆ ನೀವು ಹಿಡಿದ ಈ ಪ್ರಕಾರದಲ್ಲಿ ಆ ಬಾಗಿಲನ್ನು ಮುಚ್ಚಿದವರು ಯಾರು ಗೊತ್ತೇ? ಒಬ್ಬ ಪಾದ್ರಿ. ರೊನಾಲ್ಡ್ ನಾಕ್ಸ್ ಕ್ಯಾಥೊಲಿಕ್ ಗುರು, ಮುಂದೆ ಲ್ಯಾಟಿನ್‌ ಬೈಬಲನ್ನು ಒಬ್ಬನೇ ಕೂತು ಇಂಗ್ಲಿಷಿಗೆ ಅನುವಾದಿಸಿದವನು. 1929ರಲ್ಲಿ ಅವನು ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆಗಳನ್ನು ಬರೆದ. ಅವುಗಳಲ್ಲಿ ಎರಡನೆಯದು ಅಲೌಕಿಕ ಶಕ್ತಿಗಳನ್ನು ಸಾರಾಸಗಟಾಗಿ ಹೊರಗಿಡುತ್ತದೆ. ಆರನೆಯದರ ಪ್ರಕಾರ ಆಕಸ್ಮಿಕ ಘಟನೆಗಳು ಪತ್ತೇದಾರನ ನೆರವಿಗೆ ಬರಬಾರದು, ಕಾರಣ ಹೇಳಲಾಗದ ಅಂತಃಪ್ರೇರಣೆಯೂ ಬರಬಾರದು. ಮರುವರ್ಷ ಲಂಡನ್ನಿನಲ್ಲಿ ಶುರುವಾದ ಪತ್ತೇದಾರಿ ಲೇಖಕರ ಕೂಟ ಡಿಟೆಕ್ಷನ್ ಕ್ಲಬ್ಬಿನ ಮೊದಲ ಅಧ್ಯಕ್ಷ ಇಂಗ್ಲಿಷ್ ಲೇಖಕ ಜಿ. ಕೆ. ಚೆಸ್ಟರ್ಟನ್. ಆ ಕ್ಲಬ್ಬಿಗೆ ಸೇರುವ ಲೇಖಕರು ತಮ್ಮ ಪತ್ತೇದಾರರಿಗೆ ದೈವವಾಣಿಯ ಸಹಾಯ ಕೊಡಿಸುವುದಿಲ್ಲ ಎಂದು ಪ್ರಮಾಣ ಮಾಡಬೇಕಿತ್ತು. ಅರ್ಧ ತಮಾಷೆಯ ಪ್ರಮಾಣ, ನಿಜ. ಆದರೂ ದೈವವಾಣಿಯಲ್ಲಿ ನಂಬಿಕೆ ಇದ್ದವರೇ ಅದನ್ನು ಒಪ್ಪಿಕೊಂಡಿದ್ದರು. ನಂಬಿಕೆ ಕಡಿಮೆಯಾಗಿ ಹಾಗೆ ಮಾಡಲಿಲ್ಲ. ಓದುಗನಿಗೆ ಕೊಡದ ಸುಳಿವನ್ನು ಪತ್ತೇದಾರನಿಗೆ ಕೊಟ್ಟರೆ ಅದು ಮೋಸ. ಮೋಸವನ್ನು ದೇವರ ಹೆಸರಿನಲ್ಲಿ ಮಾಡಿದರೆ ಅದು ಇನ್ನೂ ಕೆಟ್ಟದ್ದು.

ನಿಮ್ಮ ಬೈಬಲಿನಲ್ಲೇ ಇದಕ್ಕೆ ಮಾದರಿ ಇದೆ. ಕ್ಯಾಥೊಲಿಕ್ ಬೈಬಲಿನಲ್ಲಿ ದಾನಿಯೇಲನ ಗ್ರಂಥದ ಹದಿಮೂರನೆಯ ಅಧ್ಯಾಯವಾಗಿಯೂ ಪ್ರೊಟೆಸ್ಟಂಟರಲ್ಲಿ ಬೇರೆಯಾಗಿಯೂ ಸಿಗುವ ಸುಸನ್ನಳ ಕಥೆಯನ್ನು ಮತ್ತೆ ಓದಿ. ಇಬ್ಬರು ಹಿರಿಯರು ಅವಳ ಮೇಲೆ ವ್ಯಭಿಚಾರದ ಸುಳ್ಳು ಆರೋಪ ಹೊರಿಸುತ್ತಾರೆ. ದೇವರು ದಾನಿಯೇಲನ ಆತ್ಮವನ್ನು ಎಚ್ಚರಿಸುತ್ತಾನೆ. ಅಷ್ಟಕ್ಕೇ ಕಥೆ ಮುಗಿಯುವುದಿಲ್ಲ. ಆ ಹುಡುಗ ಇಬ್ಬರನ್ನೂ ದೂರ ದೂರ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ನೋಡಿದಿರಿ? ಒಬ್ಬ ಒಂದು ಮರದ ಹೆಸರು ಹೇಳುತ್ತಾನೆ, ಇನ್ನೊಬ್ಬ ಮತ್ತೊಂದರದು. ಪ್ರೇರಣೆ ದೇವರದು, ಪಾಟೀಸವಾಲು ದಾನಿಯೇಲನದು. ನಿಮ್ಮ ಸಭಾಪಾಲಕ ಪ್ರಾರ್ಥಿಸಲಿ, ಬೇಡವೆನ್ನುವುದಿಲ್ಲ. ಎದ್ದಮೇಲೆ ಪ್ರಶ್ನೆ ಕೇಳಲಿ.

ಈಗ ನನಗೆ ಸಿಟ್ಟು ಬಂದದ್ದು ಯಾಕೆಂದು ಹೇಳುತ್ತೇನೆ. ಆ ಕನಸು ನಿಮಗೆ ಬೇಕಾಗಿಯೇ ಇರಲಿಲ್ಲ.

ನಲವತ್ತೊಂದನೆಯ ಪುಟದಲ್ಲಿ ಆರ್ಗನ್ ನುಡಿಸುವ ಮುದುಕಿ ಒಂದು ಮಾತು ಹೇಳುತ್ತಾಳೆ. ಶನಿವಾರ ಸಂಜೆ ಖಜಾಂಚಿಯೇ ಮರುದಿನದ ಮೂರು ಕೀರ್ತನೆಗಳ ಸಂಖ್ಯೆಗಳನ್ನು ಗೋಡೆಯ ಹಲಗೆಗೆ ಸಿಕ್ಕಿಸಿದ, ಅವಳು ಆ ಮೂರನ್ನೂ ಅಭ್ಯಾಸ ಮಾಡಿ ಏಳು ಗಂಟೆಗೆ ಮನೆಗೆ ಹೋದಳು. ಭಾನುವಾರ ಬೆಳಿಗ್ಗೆ ಹಲಗೆಯ ಮೇಲೆ ಮೂರನೆಯ ಸಂಖ್ಯೆ ಬೇರೆ ಇತ್ತು. ಸಭಾಪಾಲಕ ಅವಳ ಮರೆವಿಗೆ ಮರುಗಿ ಮುಂದೆ ಹೋಗುತ್ತಾನೆ. ನೀವೂ ಹೋಗುತ್ತೀರಿ. ಆದರೆ ಇಪ್ಪತ್ತಾರನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ಸಭಾಪಾಲಕ ಶನಿವಾರ ರಾತ್ರಿ ಹತ್ತು ಗಂಟೆಗೆ ತನ್ನ ಉಪದೇಶದ ವಚನವನ್ನು ಬದಲಿಸಿದ, ಅದಕ್ಕೆ ಹೊಂದುವ ಹಾಡಿನ ಬಗ್ಗೆ ಆ ಹಿರಿಯನಿಗೆ ಮಾತ್ರ ಫೋನ್ ಮಾಡಿದ. ಖಜಾಂಚಿಯ ಮೊಬೈಲ್ ಅಂದು ಮನೆಯಲ್ಲೇ ಉಳಿದಿತ್ತೆಂದು ಐವತ್ತೆಂಟನೆಯ ಪುಟದಲ್ಲಿ ಬೇರೆ ಯಾವುದೋ ಕಾರಣಕ್ಕೆ ಹೇಳಿದ್ದೀರಿ. ತಾನು ಆ ರಾತ್ರಿ ಚರ್ಚಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ ಎಂದು ಹಿರಿಯ ಪೊಲೀಸರಿಗೆ ಹೇಳಿದ್ದಾನೆ. ಹಾಗಾದರೆ ಹತ್ತು ಗಂಟೆಯ ನಂತರ ಕತ್ತಲಲ್ಲಿ ಹಲಗೆಯ ಸಂಖ್ಯೆಯನ್ನು ಬದಲಿಸಿದವರು ಯಾರು?

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದೆಂದರೆ ಇದೇ. ಉತ್ತರ ನಿಮ್ಮ ಪುಟಗಳಲ್ಲೇ ಬಿದ್ದಿದೆ, ನೀವು ಮಲಗಿ ಕನಸು ಕಾಣುತ್ತಿದ್ದೀರಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಫೋನ್ ಬಂದಾಗ ಹಿರಿಯ ಎಲ್ಲಿದ್ದ? ನೀವು ಹೇಳಿಲ್ಲ. ಚರ್ಚಿನೊಳಗೇ, ಹೆಣದಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಎಂದು ನನಗೆ ಅನಿಸುತ್ತದೆ. ಫೋನಿನಲ್ಲಿ "ಆಗಲಿ, ಅಯ್ಯನವರೇ" ಎಂದ. ಮೂವತ್ತು ವರ್ಷಗಳ ಅಭ್ಯಾಸಬಲದಿಂದ ಹೋಗಿ ಸಂಖ್ಯೆಯನ್ನು ಸರಿಪಡಿಸಿದ. ತಪ್ಪಿಸಿಕೊಳ್ಳಲು ಅದರಿಂದ ಅವನಿಗೆ ಏನೂ ಪ್ರಯೋಜನವಿರಲಿಲ್ಲ. ಬೆಳಿಗ್ಗೆ ಆರಾಧನೆಯಲ್ಲಿ ತಪ್ಪು ಹಾಡು ಬರಬಾರದು, ಅಷ್ಟೇ. ಒಬ್ಬ ಮನುಷ್ಯನನ್ನು ಕೊಂದ ಕೈ ಅದೇ ರಾತ್ರಿ ದೇವರ ಆರಾಧನೆಯನ್ನು ಅಚ್ಚುಕಟ್ಟು ಮಾಡಿತು. ಆ ಅಚ್ಚುಕಟ್ಟುತನವೇ ಅವನನ್ನು ಹಿಡಿದುಕೊಟ್ಟಿತು. ನಿಮ್ಮ ನಲವತ್ತು ಪುಟಗಳ ಉಪದೇಶದಲ್ಲಿ ಪಾಪದ ಬಗ್ಗೆ ಇರುವುದಕ್ಕಿಂತ ಹೆಚ್ಚು ಈ ಒಂದು ಸುಳಿವಿನಲ್ಲಿದೆ. ಇದನ್ನು ನೀವು ತಿಳಿದು ಬರೆದಿರೋ ತಿಳಿಯದೆ ಬರೆದಿರೋ ನನಗೆ ಗೊತ್ತಾಗುತ್ತಿಲ್ಲ. ತಿಳಿಯದೆ ಬರೆದಿದ್ದರೆ ಇನ್ನೂ ಸಂತೋಷ, ಕೈ ಒಳ್ಳೆಯದಿದೆ ಎಂದು ಅರ್ಥ.

ಮತ್ತೊಂದು ವಿಷಯ. ಆ ರಾತ್ರಿ ಹಾಡು ಬದಲಾದದ್ದನ್ನು ತಿಳಿದಿದ್ದವರು ಇಬ್ಬರು. ಒಬ್ಬ ಹಿರಿಯ, ಇನ್ನೊಬ್ಬ ನಿಮ್ಮ ಸಭಾಪಾಲಕ. ಪತ್ತೇದಾರ ತಯಾರಿಸುವ ಶಂಕಿತರ ಪಟ್ಟಿಯಲ್ಲಿ ಅವನ ಹೆಸರೂ ಬರಬೇಕು. ಅವನು ಆ ಪಟ್ಟಿಯನ್ನು ಬರೆದು, ಎರಡು ಹೆಸರುಗಳನ್ನು ನೋಡುತ್ತಾ ಕೂರುವ ಒಂದು ರಾತ್ರಿಯನ್ನು ಬರೆಯಿರಿ. ಚೆಸ್ಟರ್ಟನ್ನನ ಕಥೆಗಳ ಪತ್ತೇದಾರ ಪಾದ್ರಿ ಫಾದರ್ ಬ್ರೌನ್ ಕೊಲೆಗಾರರನ್ನು ಕಂಡುಹಿಡಿಯುವ ಗುಟ್ಟು ಇದೇ: ಅವನು ಕೊಲೆಗಾರನನ್ನು ಹೊರಗಿನಿಂದ ಅಳೆಯುವುದಿಲ್ಲ, ಆ ಕೊಲೆಯನ್ನು ತಾನೇ ಮಾಡುವ ಮನಸ್ಥಿತಿಗೆ ತಲುಪುವವರೆಗೆ ಒಳಗಿನಿಂದ ಯೋಚಿಸುತ್ತಾನೆ. ಪಾಪನಿವೇದನೆಯಲ್ಲಿ ಜನರ ಕೆಡುಕನ್ನು ದಿನವೂ ಕೇಳುವ ಗುರುವಿಗೆ ಕೆಡುಕು ಗೊತ್ತಿಲ್ಲವೆಂದು ಜಗತ್ತು ತಿಳಿದಿರುವುದು 1910ರ ಮೊದಲ ಕಥೆಯಿಂದಲೇ ಅಲ್ಲಿನ ವಿನೋದ. ನಿಮ್ಮ ಸಭಾಪಾಲಕನಾದರೋ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಳಿ ನಿಲುವಂಗಿಯಷ್ಟೇ ಬಿಳುಪು. ಅವನಿಗೆ ಒಂದು ಸಲವೂ ಕೋಪ ಬರುವುದಿಲ್ಲ. ಅಂಥವನು ಕೊಲೆಯ ವಾಸನೆಯನ್ನು ಹೇಗೆ ಹಿಡಿಯಬೇಕು?

ಪಾಪನಿವೇದನೆಯ ಮಾತು ಬಂದದ್ದರಿಂದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಇಪ್ಪತ್ತನೆಯ ಅಧ್ಯಾಯದಲ್ಲಿ ಹಿರಿಯ ಪಾಪನಿವೇದನೆಯ ಪೀಠದಲ್ಲಿ ಎಲ್ಲವನ್ನೂ ಹೇಳುತ್ತಾನೆ, ಸಭಾಪಾಲಕ ಹೊರಗೆ ಬಂದು ಪೊಲೀಸರಿಗೆ ತಿಳಿಸುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಈ ಸಭಾಪಾಲಕನಿಗೆ ಹೆಂಡತಿ ಇದ್ದಾಳೆ. ವಿವಾಹಿತನಾಗಿದ್ದೂ ಪಾಪನಿವೇದನೆ ಕೇಳುವ ಗುರುಗಳು ಕೆಲವು ಪರಂಪರೆಗಳಲ್ಲಿದ್ದಾರೆ. ಆದರೆ ನಿಮ್ಮ ಚರ್ಚು ಯಾವ ಪರಂಪರೆಯದು ಎಂದು ನೀವು ನಿರ್ಧರಿಸಿಯೇ ಇಲ್ಲ. ಕ್ಯಾಥೊಲಿಕ್ ಆಗಿದ್ದರೆ ಅವನು ಮಾಡಿದ್ದು ಸಣ್ಣ ತಪ್ಪಲ್ಲ. ಪಾಪನಿವೇದನೆಯ ಗುಟ್ಟನ್ನು ಒಡೆದ ಗುರುವಿಗೆ ಕಠಿಣ ಶಿಕ್ಷೆ ಎಂದು 1215ರಲ್ಲಿ ಕ್ಯಾಥೊಲಿಕ್ ಚರ್ಚಿನ ಮಹಾಸಭೆಯಾದ ನಾಲ್ಕನೆಯ ಲ್ಯಾಟೆರನ್ ಪರಿಷತ್ತೇ ವಿಧಿಸಿತ್ತು. ಇಂದಿಗೂ ಅದನ್ನು ನೇರವಾಗಿ ಬಯಲು ಮಾಡಿದವನು ತಾನಾಗಿಯೇ ಬಹಿಷ್ಕೃತನಾಗುತ್ತಾನೆ. ಅಲ್ಲಿ ತಿಳಿದದ್ದನ್ನು ಹೇಳದೆಯೇ ನಿವೇದಿಸಿದವನಿಗೆ ಕೇಡಾಗುವಂತೆ ಬಳಸಿಕೊಳ್ಳುವುದಕ್ಕೂ ಅವಕಾಶವಿಲ್ಲ. ನೀವು ದಾಟಿ ಹೋದ ಈ ಗೋಡೆಯೇ ಒಂದು ಕಾದಂಬರಿಗೆ ಸಾಕಾಗುವಷ್ಟು ದೊಡ್ಡದು. ಎಲ್ಲ ತಿಳಿದವನು ಒಂದು ಬೆರಳನ್ನೂ ಎತ್ತುವಂತಿಲ್ಲ. ಹಾಗೆ ಬರೆಯುವುದಾದರೆ ಪತ್ತೆ ಮಾಡುವ ಕೆಲಸ ಬೇರೆಯವರಿಗೆ ಹೋಗಬೇಕಾಗುತ್ತದೆ. ಆ ಆರ್ಗನ್ ಮುದುಕಿಯನ್ನು ಪರಿಗಣಿಸಿ. ಇಡೀ ಪುಸ್ತಕದಲ್ಲಿ ಕಣ್ಣು ತೆರೆದು ನೋಡುವವಳು ಅವಳೊಬ್ಬಳೇ.

ನಿಮ್ಮ ಕಾದಂಬರಿಯಲ್ಲಿ ಸಭೆ ಅನುಮಾನಿಸುವ ನಾಸ್ತಿಕ ಮೇಷ್ಟ್ರ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾಯಿತು. ಅವನು ಚರ್ಚಿಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಭೆಯೆಲ್ಲ ಅವನತ್ತ ಬೆರಳು ತೋರಿಸುತ್ತದೆ, ಯಾರೋ ಅವನ ಕಿಟಕಿಯ ಗಾಜು ಒಡೆಯುತ್ತಾರೆ. ಅವನು ನಿರಪರಾಧಿ ಎಂದು ತಿಳಿದಮೇಲೆ ನೀವು ಮಾಡುವುದೇನು? ಅವನಿಗೆ ದೀಕ್ಷಾಸ್ನಾನ ಕೊಡಿಸುತ್ತೀರಿ. ಯಾರೊಬ್ಬರೂ ಅವನ ಕ್ಷಮೆ ಕೇಳುವುದಿಲ್ಲ. ಪಶ್ಚಾತ್ತಾಪ ಪಡಬೇಕಾಗಿದ್ದವರು ಹಾಡುತ್ತಾ ನಿಂತಿದ್ದಾರೆ, ಕಲ್ಲೇಟು ತಿಂದವನು ತಲೆ ಬಾಗಿಸಿದ್ದಾನೆ. ಪತ್ತೇದಾರಿ ಕಥೆಯಲ್ಲಿ ತಪ್ಪು ಒಬ್ಬನ ತಲೆಗೆ ಬಿದ್ದ ಕೂಡಲೇ ಉಳಿದವರೆಲ್ಲ ಶುದ್ಧರಾಗಿಬಿಡುತ್ತಾರೆ. ಓದುಗನಿಗೂ ಅದೇ ಸುಖ ಬೇಕು ಎಂದು ಕವಿ ಡಬ್ಲ್ಯು. ಎಚ್. ಆಡೆನ್ 1948ರಲ್ಲೇ ಬರೆದಿದ್ದ. ಅವನೂ ಕ್ರೈಸ್ತನೇ, ಜೊತೆಗೆ ಪತ್ತೇದಾರಿ ಕಾದಂಬರಿಗಳ ಚಟಗಾರ. ಆ ಸುಖವನ್ನು ಪೂರ್ತಿಯಾಗಿ ಕೊಡದಿರುವುದು ನಂಬಿಕೆಯಿಂದ ಬರೆಯುವವರ ಜವಾಬ್ದಾರಿ ಎಂದು ನನ್ನ ಅಭಿಪ್ರಾಯ. ಮೇಷ್ಟ್ರು ನಾಸ್ತಿಕನಾಗಿಯೇ ಉಳಿಯಲಿ. ಸಭೆ ಅವನ ಮನೆಯ ಬಾಗಿಲಿಗೆ ಹೋಗಲಿ. ಅವನು ಬಾಗಿಲು ತೆರೆಯುತ್ತಾನೋ ಇಲ್ಲವೋ ನೋಡೋಣ.

ಕೊನೆಯ ನಲವತ್ತು ಪುಟಗಳನ್ನು ತೆಗೆದುಹಾಕಿ. ಪ್ರವಾದಿ ನಾತಾನನನ್ನು ನೆನಪಿಸಿಕೊಳ್ಳಿ, ಬೈಬಲಿನ 2 ಸಮುವೇಲನ ಹನ್ನೆರಡನೆಯ ಅಧ್ಯಾಯ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತನ್ನವಳಾಗಿಸಿಕೊಂಡ ಅರಸ ದಾವೀದನ ಮುಂದೆ ಅವನು ಉಪದೇಶದಿಂದ ಶುರು ಮಾಡುವುದಿಲ್ಲ. ಒಬ್ಬ ಬಡವ, ಅವನ ಒಂದೇ ಒಂದು ಕುರಿಮರಿ, ಅದನ್ನು ಕಸಿದುಕೊಂಡ ಒಬ್ಬ ಶ್ರೀಮಂತ, ಇಷ್ಟೇ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಳ್ಳುವವರು ಬಹಳ, ಆದರೆ ದಾವೀದ ಮುಟ್ಟಿಕೊಳ್ಳಲಿಲ್ಲ. ಅಷ್ಟು ಚೆನ್ನಾಗಿ ಹೆಣೆದ ಕಥೆ ಅದು. ಶ್ರೀಮಂತನಿಗೆ ಮರಣದಂಡನೆಯಾಗಬೇಕೆಂದು ತಾನೇ ತೀರ್ಪು ಕೊಟ್ಟಮೇಲೆ "ಆ ಮನುಷ್ಯನು ನೀನೇ" ಎಂಬ ಮಾತು ಬರುತ್ತದೆ. ಮೊದಲೇ ಬಂದಿದ್ದರೆ ನಾತಾನನ ತಲೆ ಉಳಿಯುತ್ತಿತ್ತೋ ಇಲ್ಲವೋ. ಇನ್ನೊಂದು: ದಾವೀದನಿಗೆ ಕ್ಷಮೆ ಸಿಗುತ್ತದೆ, ಆದರೆ ಅವನ ಕೃತ್ಯದ ಫಲ ತಪ್ಪುವುದಿಲ್ಲ. ನಿಮ್ಮಲ್ಲಿ ಹಿರಿಯ ಪ್ರಾರ್ಥಿಸಿದ ಕೂಡಲೇ ಎಲ್ಲರೂ ಅವನನ್ನು ಅಪ್ಪಿಕೊಳ್ಳುತ್ತಾರೆ. ಖಜಾಂಚಿಯ ಹೆಂಡತಿಯೂ. ಅವಳಿಗೆ ಒಂದು ದಿನದ ಸಿಟ್ಟನ್ನಾದರೂ ಬಿಟ್ಟುಕೊಡಿ. ಸತ್ತವನ ಹೆಸರು ಕೊನೆಯ ಐವತ್ತು ಪುಟಗಳಲ್ಲಿ ಎಲ್ಲೂ ಇಲ್ಲ ಎಂಬುದನ್ನು ಎಣಿಸಿ ನೋಡಿದೆ. ಅಣ್ಣನ ಕೈಯಲ್ಲಿ ಸತ್ತ ಹೇಬೆಲನ ರಕ್ತ ಮಣ್ಣಿನಿಂದ ಕೂಗುತ್ತದೆ ಎಂದು ಆದಿಕಾಂಡದಲ್ಲಿ ಓದಿದವರು ನೀವು. ನಿಮ್ಮ ಖಜಾಂಚಿ ಯಾಕೆ ಇಷ್ಟು ಸದ್ದಿಲ್ಲದೆ ಮಲಗಿದ್ದಾನೆ?

ಉಪದೇಶ ತೆಗೆದರೆ ಇದರಲ್ಲಿ ನನ್ನ ಸಾಕ್ಷಿ ಎಲ್ಲಿ ಉಳಿಯುತ್ತದೆ ಎಂದು ನೀವು ಕೇಳುತ್ತೀರಿ. ಪತ್ತೇದಾರಿ ಕಾದಂಬರಿಗಳನ್ನೂ ಧಾರ್ಮಿಕ ನಾಟಕಗಳನ್ನೂ ಬರೆದ ಡೊರೊತಿ ಸೇಯರ್ಸ್ 1942ರಲ್ಲಿ ಹೇಳಿದ್ದಳು: ಬಡಗಿಗೆ ಧರ್ಮ ಮೊದಲು ಹೇಳಬೇಕಾದದ್ದು ಒಳ್ಳೆಯ ಮೇಜು ಮಾಡು ಎಂದು, ಯೇಸು ಬೆಳೆದ ನಜರೇತಿನ ಆ ಬಡಗಿಯ ಅಂಗಡಿಯಿಂದ ಸೊಟ್ಟ ಕಾಲಿನ ಮೇಜು ಹೊರಗೆ ಬಂದಿರಲಾರದು ಎಂದು. ನಿಮ್ಮ ಮೇಜಿನ ಒಂದು ಕಾಲು ಹದಿನೆಂಟನೆಯ ಅಧ್ಯಾಯದಲ್ಲಿ ಸೊಟ್ಟಗಿದೆ.

ಮೊದಲ ಅರವತ್ತು ಪುಟಗಳನ್ನು ಮತ್ತೆ ಬರೆದು ಕಳುಹಿಸಿ. ಅವಸರವಿಲ್ಲ. ಸೈತಾನನ ಬಗೆಗಿನ ಆ ಮೂರು ಪುಟಗಳ ಅಡಿಟಿಪ್ಪಣಿ ಬೇಡ. ಮುದುಕಿಯನ್ನು ಯಾರೂ ಮರೆಗುಳಿ ಎನ್ನದಂತೆ ನೋಡಿಕೊಳ್ಳಿ, ಅಂದರೆ ಎಲ್ಲರೂ ಅನ್ನಲಿ, ನೀವು ಅನ್ನಬೇಡಿ.

ಅಂದ ಹಾಗೆ, ಖಜಾಂಚಿ ಮೊದಲು ಸಿಕ್ಕಿಸಿದ್ದ ಮೂರನೆಯ ಕೀರ್ತನೆ ಯಾವುದು, ಹಿರಿಯ ಬದಲಿಸಿದ್ದು ಯಾವುದು? ಹಸ್ತಪ್ರತಿಯಲ್ಲಿ ಎಲ್ಲೂ ಇಲ್ಲ. ಎರಡೂ ಬಾರಿ ಹುಡುಕಿದೆ.

ಇತಿ,
ಸಂಪಾದಕ